ಆಶ್ರಯ ತಪ್ಪಿದ ಮೇಲೆ

ಹುಲಕೋಟಿಯಲ್ಲಿ ಕುಳಿತು ಪುಸ್ತಕಗಳಿಗೆ ಮುಖಪುಟ ಬರೆಯುತ್ತ ಬಂದ ನನಗೆ ಅರವತ್ತು ಸಮೀಪಿಸಿದೆ. ಕೆಲಸ ಕೊಡುತ್ತಿದ್ದವರು ಒಬ್ಬೊಬ್ಬರಾಗಿ ಕಿರಿಯರತ್ತ ತಿರುಗಿದ್ದಾರೆ. ಮೊನ್ನೆ ಪ್ರಕಾಶಕರೊಬ್ಬರು ಅರ್ಧ ಸಂಭಾವನೆಗೆ ಮುಖಪುಟ ಕೇಳಿದಾಗ ಕಲಾವಿದ ಕೆ. ವೆಂಕಟಪ್ಪನವರ ಬಾಳು ನೆನಪಾಯಿತು.

1886ರಲ್ಲಿ ಮೈಸೂರಿನ ಚಿತ್ರಗಾರರ ಮನೆತನದಲ್ಲಿ ಹುಟ್ಟಿದ ಅವರು ಅರಮನೆಯ ನೆರವಿನಿಂದ ಕಲ್ಕತ್ತೆಗೆ ಹೋಗಿ ಅವನೀಂದ್ರನಾಥ ಠಾಕೂರರ ಶಿಷ್ಯರಾದರು. ಸೋದರಿ ನಿವೇದಿತಾ ಹಾಗೂ ಆನಂದ ಕುಮಾರಸ್ವಾಮಿಯವರ 1913ರ ಪುರಾಣಕಥಾ ಗ್ರಂಥಕ್ಕೆ ರಾಮಾಯಣದ ಚಿತ್ರಗಳನ್ನು ಬರೆದಾಗ ಅವರಿಗಿನ್ನೂ ಮೂವತ್ತು ತುಂಬಿರಲಿಲ್ಲ. ಅಚ್ಚಿನ ಪುಟವೇ ಅವರ ಹೆಸರನ್ನು ಕಡಲಾಚೆಗೆ ಒಯ್ದಿತು. ಮೈಸೂರಿಗೆ ಮರಳಿ ಶೇಷಣ್ಣನವರಲ್ಲಿ ವೀಣೆ ಕಲಿತರು. ಉದಕಮಂಡಲದ ಬೆಟ್ಟಗಳನ್ನು ಜಲವರ್ಣದಲ್ಲಿ ಚಿತ್ರಿಸಿದರು. ಅರಮನೆಗಾಗಿ ಪ್ಲಾಸ್ಟರಿನ ಉಬ್ಬುಚಿತ್ರಗಳನ್ನು ರಚಿಸಿದರು.

1940ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ತೀರಿಕೊಂಡರು. ಅರಮನೆಯ ಕೆಲಸ ನಿಂತಿತು. ಐವತ್ತು ದಾಟಿದ ವೆಂಕಟಪ್ಪನವರು ಬೆಂಗಳೂರಿಗೆ ಬಂದರು. ತಮ್ಮ ದುಡಿಮೆಗೆ ಸಲ್ಲಬೇಕಾದ ಹಣಕ್ಕಾಗಿ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿದರು. ಹಟಮಾರಿಯೆಂದು ಅವರನ್ನು ಜರೆಯುವುದು ಸುಲಭ. ಆದರೆ ವಯಸ್ಸಾಯಿತೆಂಬ ಕಾರಣಕ್ಕೆ ತಮ್ಮ ಕೈಕೆಲಸದ ಬೆಲೆಯನ್ನು ತಾವೇ ಇಳಿಸಿಕೊಳ್ಳದಿರುವುದು ಬರಿಯ ಹಟವಲ್ಲವೆಂದು ನನಗೀಗ ತೋರುತ್ತದೆ. 1965ರಲ್ಲಿ ಅವರು ಕಾಲವಾದರು; ಬೆಂಗಳೂರಿನ ಚಿತ್ರಶಾಲೆಯೊಂದು ಅವರ ಹೆಸರನ್ನು ಹೊತ್ತು ನಿಂತಿದೆ.

ಅರ್ಧ ಸಂಭಾವನೆಗೆ ಒಪ್ಪಿ ನಾನು ಬರೆದಿಟ್ಟ ಕಾಗದ ಮೇಜಿನ ಮೇಲೆಯೇ ಇತ್ತು. ಅದನ್ನು ಅಂಚೆಗೆ ಹಾಕಲಿಲ್ಲ.