ಭಕ್ತ ಅಗಸ್ತೀನನೂ ಸುಳ್ಳುಬೋಧಕರೂ

ಅಗಸ್ತೀನನು ಕ್ರಿ. ಶ. 354ನೆಯ ಇಸವಿಯಲ್ಲಿ ಉತ್ತರ ಆಫ್ರಿಕದ ತಗಾಸ್ತೆ ಎಂಬ ಊರಿನಲ್ಲಿ ಜನಿಸಿದನು. ತಾಯಿ ಮೋನಿಕಳು ಮಹಾ ದೈವಭಕ್ತೆ. ಕಾರ್ಥೇಜ್ ಪಟ್ಟಣದಲ್ಲಿ ವಿದ್ಯಾರ್ಥಿಯಾಗಿದ್ದಾಗ, 19ನೆಯ ವಯಸ್ಸಿನಲ್ಲಿ, ಅವನು ಮಾನಿ ಎಂಬವನ ಪಂಥವನ್ನು ಸೇರಿದನು. ಆ ಬೋಧಕರು ಕ್ರಿಸ್ತನ ನಾಮವನ್ನು ಉಚ್ಚರಿಸುತ್ತಲೇ ಬೆಳಕು ಕತ್ತಲೆಗಳೆಂಬ ಎರಡು ಅನಾದಿ ಶಕ್ತಿಗಳನ್ನು ಸಾರುತ್ತಿದ್ದರು. ಎಲ್ಲವನ್ನೂ ಯುಕ್ತಿಯಿಂದಲೇ ಸ್ಥಾಪಿಸುವೆವೆಂದು ಆಶೆ ತೋರಿಸುತ್ತಿದ್ದರು. ಬುದ್ಧಿಶಾಲಿಯಾದ ಯುವಕನಿಗೆ ಆ ಆಶೆಯೇ ಉರುಲಾಯಿತು. ಮೊದಲು ಅವನನ್ನು ಮನೆಗೆ ಸೇರಿಸದಿದ್ದ ಮೋನಿಕಳು, ಒಂದು ಕನಸಿನಿಂದ ಧೈರ್ಯಗೊಂಡು, ಮತ್ತೆ ತನ್ನ ಪಂಕ್ತಿಗೆ ಕರೆದುಕೊಂಡಳು; ಕಣ್ಣೀರಿನ ಪ್ರಾರ್ಥನೆಯನ್ನು ಮಾತ್ರ ಬಿಡಲಿಲ್ಲ.

ಹೀಗೆ ಸುಮಾರು ಒಂಬತ್ತು ವರ್ಷಗಳು ಕಳೆದವು. ಸೂರ್ಯಚಂದ್ರರ ವಿಷಯವಾಗಿ ಪಂಥದ ಗ್ರಂಥಗಳು ಹೇಳುವುದು ಖಗೋಳಶಾಸ್ತ್ರಜ್ಞರ ಗಣಿತಕ್ಕೆ ಹೊಂದಲಿಲ್ಲ. ಸಂಶಯಗಳನ್ನೆಲ್ಲಾ ಫೌಸ್ತನು ಬಂದು ಪರಿಹರಿಸುವನೆಂದು ಪಂಥದವರು ಹೇಳಿದರು. ಫೌಸ್ತನು ಬಂದನು. ಅವನ ಮಾತು ಬಹು ಮಧುರವಾಗಿತ್ತು; ಪ್ರಶ್ನೆಗಳಿಗೆ ಉತ್ತರವಿರಲಿಲ್ಲ. ತನಗೆ ತಿಳಿಯದೆಂದು ಅವನು ಒಪ್ಪಿಕೊಂಡದ್ದನ್ನು ಅಗಸ್ತೀನನು ಮೆಚ್ಚಿದನು. ಆದರೆ ಚೆನ್ನಾಗಿ ನುಡಿದದ್ದೆಲ್ಲಾ ಸತ್ಯವಲ್ಲವೆಂದು ಕಲಿತನು.

ತರುವಾಯ ಮಿಲಾನಿನಲ್ಲಿ ಬಿಷಪ್ ಅಂಬ್ರೋಸನ ವಾಕ್ಚಾತುರ್ಯವನ್ನು ಕೇಳಲು ಹೋಗಿ, ಅದರೊಳಗಿನ ಸಾರಕ್ಕೆ ಮನಸೋತು, 387ರಲ್ಲಿ ದೀಕ್ಷಾಸ್ನಾನ ಹೊಂದಿದನು. ಮೋನಿಕಳು ಅದೇ ವರ್ಷ ಸಂತೃಪ್ತಳಾಗಿ ತೀರಿಕೊಂಡಳು.

392ರಲ್ಲಿ ಹಿಪ್ಪೋ ಪಟ್ಟಣದಲ್ಲಿ ಅವನು ಮಾನಿಯ ಪಂಥದ ಫೋರ್ತುನಾತನೊಡನೆ ಎರಡು ದಿನ ಬಹಿರಂಗವಾಗಿ ವಾದಿಸಿ ಗೆದ್ದನು. ಬಿಷಪನಾದ ಮೇಲೆ ಆ ಪಂಥವನ್ನು ಖಂಡಿಸಿ ಬರೆಯುವಾಗಲೂ, ತಾನೂ ಅಲ್ಲಿಯೇ ಅಲೆದವನೆಂದು ನೆನೆದು, ಸೌಮ್ಯನಾಗಿರಲು ನಿಶ್ಚಯಿಸಿದನು. ದೊನಾತನ ಪಕ್ಷದವರ ವಿಷಯದಲ್ಲಿಯಾದರೋ ಮುಂದೆ ರಾಜದಂಡನೆಯನ್ನು ಒಪ್ಪಿದನು. ಅದು ಅವನ ಕೊರತೆ. 430ರಲ್ಲಿ ಹಿಪ್ಪೋದಲ್ಲಿಯೇ ಮೃತನಾದನು.

ತಂದೆತಾಯಿಗಳೇ, ಪೂರ್ವ ವಿದ್ಯಾರ್ಥಿನಿಯರೇ, ಮಧುರ ಮಾತಿಗೆ ಮರುಳಾಗದೆ ಪ್ರಶ್ನಿಸುವುದನ್ನು ನಮ್ಮ ಹೆಣ್ಣುಮಕ್ಕಳಿಗೆ ಕಲಿಸೋಣ. ದಾರಿತಪ್ಪಿದವರಿಗೆ ಮೋನಿಕಳಂತೆ ಮನೆಯ ಬಾಗಿಲನ್ನು ತೆರೆದಿಡೋಣ.