ಮಾಲ್ಗುಡಿಯ ಹುಡುಗರು ಮತ್ತು ಶಂಕರನಾಗ್

ಬಾಲ್ಯ ಕಳೆದು ಪ್ರಾಯಕ್ಕೆ ಕಾಲಿಡುವ ಮಕ್ಕಳ ತುಂಟತನ, ಗೆಳೆತನ, ಮುನಿಸು, ಮೊದಲ ಸೋಲು ಇವುಗಳನ್ನು ನಗುವಿನ ಮೂಲಕ ಹೇಳುವ ಚಿತ್ರಗಳು ಎಲ್ಲ ಭಾಷೆಗಳಲ್ಲೂ ಇವೆ. ಘನವಾದ ವಸ್ತುವನ್ನುಳ್ಳ ಎಷ್ಟೋ ಚಿತ್ರಗಳು ಮರೆತುಹೋದ ಮೇಲೂ ಇವು ಉಳಿದುಕೊಳ್ಳುತ್ತವೆ. ನಮ್ಮ ನಾಡಿನಲ್ಲಿ ಇಂತಹ ಕೃತಿಯ ಮಾತು ಬಂದಾಗ ಹಿರಿಯರಿಗೂ ಕಿರಿಯರಿಗೂ ಒಟ್ಟಿಗೆ ನೆನಪಾಗುವುದು ‘ಮಾಲ್ಗುಡಿ ಡೇಸ್’ ಧಾರಾವಾಹಿಯ ಸ್ವಾಮಿ. ಆ ಹುಡುಗನನ್ನು ತೆರೆಗೆ ತಂದ ಶಂಕರನಾಗ್ ತೀರಿಕೊಂಡಾಗ ನಮ್ಮ ಇಂದಿನ ವಿದ್ಯಾರ್ಥಿಗಳಲ್ಲಿ ಯಾರೂ ಹುಟ್ಟಿರಲಿಲ್ಲ. ಆದರೂ ಅವರ ಹೆಸರು ನಮ್ಮ ತರಗತಿಗಳಲ್ಲಿ ಪರಿಚಿತರ ಹೆಸರಿನಂತೆಯೇ ಕೇಳಿಬರುತ್ತದೆ. ಅವರ ಬದುಕನ್ನು ಇಲ್ಲಿ ಸಂಕ್ಷೇಪವಾಗಿ ಸ್ಮರಿಸಲಾಗಿದೆ.

ಶಂಕರನಾಗ್ ಅವರು 1954ರ ನವೆಂಬರ್ 9ರಂದು ಉತ್ತರ ಕನ್ನಡದ ಹೊನ್ನಾವರ ಸೀಮೆಯ ಮಲ್ಲಾಪುರದಲ್ಲಿ ಜನಿಸಿದರು. ತಂದೆ ಸದಾನಂದ ನಾಗರಕಟ್ಟೆ, ತಾಯಿ ಆನಂದಿ. ಮನೆಮಾತು ಕೊಂಕಣಿ. ಈ ಕುಟುಂಬಕ್ಕೂ ನಮ್ಮ ಜಿಲ್ಲೆಗೂ ಒಂದು ನಂಟಿದೆ. ಅಣ್ಣ ಅನಂತನಾಗ್ ಅವರ ಬಾಲ್ಯದ ಕೆಲವು ವರ್ಷಗಳು ಕಾಞಂಗಾಡಿನ ಆನಂದಾಶ್ರಮದಲ್ಲಿ ಕಳೆದವು. ನಾಯ್ಮಾರ್ಮೂಲೆಯಿಂದ ತೆಂಕಣ ದಿಕ್ಕಿಗೆ ಹೆದ್ದಾರಿ ಹಿಡಿದರೆ ಒಂದು ಗಂಟೆಯ ದಾರಿಯಲ್ಲಿರುವ ಆ ಆಶ್ರಮ ಆಗಿನ್ನೂ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು.

ವಿದ್ಯಾಭ್ಯಾಸ ಮುಗಿಸಿ ಮುಂಬಯಿ ಸೇರಿದ ಶಂಕರನಾಗ್ ಅವರನ್ನು ಮರಾಠಿ ರಂಗಭೂಮಿ ಬಹುಬೇಗ ತನ್ನತ್ತ ಸೆಳೆಯಿತು. ಮುಂದೆ ಬಾಳಸಂಗಾತಿಯಾದ ಅರುಂಧತಿ ಅವರ ಪರಿಚಯವಾದುದೂ ನಾಟಕದ ತಾಲೀಮಿನ ನಡುವೆಯೇ. ‘22 ಜೂನ್ 1897’ ಎಂಬ ಮರಾಠಿ ಚಿತ್ರದ ಬರವಣಿಗೆಯಲ್ಲೂ ಅವರು ಪಾಲುಗೊಂಡರು. 1978ರಲ್ಲಿ ಗಿರೀಶ ಕಾರ್ನಾಡರ ‘ಒಂದಾನೊಂದು ಕಾಲದಲ್ಲಿ’ ಚಿತ್ರದ ಗಂಡುಗಲಿಯ ಪಾತ್ರ ಅವರನ್ನು ಕನ್ನಡಕ್ಕೆ ಕರೆತಂದಿತು. ಭಾರತದ ಅಂತರರಾಷ್ಟ್ರೀಯ ಚಲನಚಿತ್ರೋತ್ಸವದಲ್ಲಿ ಆ ಪಾತ್ರಕ್ಕೆ ಶ್ರೇಷ್ಠ ನಟನ ಪ್ರಶಸ್ತಿ ದೊರೆಯಿತು.

ಅಲ್ಲಿಂದ ಮುಂದಿನ ಹನ್ನೆರಡು ವರ್ಷಗಳಲ್ಲಿ ಅವರು ಮಾಡಿದ ಕೆಲಸವನ್ನು ಪಟ್ಟಿಮಾಡುವುದೇ ಕಷ್ಟ. ಎಂಬತ್ತಕ್ಕೂ ಹೆಚ್ಚು ಚಿತ್ರಗಳಲ್ಲಿ ನಟಿಸಿದರು. 1980ರ ‘ಆಟೋ ರಾಜ’ ಅವರನ್ನು ಆಟೋರಿಕ್ಷಾ ಚಾಲಕರ ಮನೆಯ ಮಗನನ್ನಾಗಿಸಿತು. ಇಂದಿಗೂ ಕರ್ನಾಟಕದ ಆಟೋಗಳ ಹಿಂಬದಿಯಲ್ಲಿ ಅವರ ಚಿತ್ರ ಕಾಣಸಿಗುತ್ತದೆ. ಜನಪ್ರಿಯ ಚಿತ್ರಗಳ ನಡುವೆಯೇ ಬೆಂಗಳೂರಿನಲ್ಲಿ ‘ಸಂಕೇತ್’ ನಾಟಕ ತಂಡವನ್ನು ಕಟ್ಟಿದರು, ಧ್ವನಿಮುದ್ರಣ ಕೇಂದ್ರವನ್ನು ಸ್ಥಾಪಿಸಿದರು. ನಿರ್ದೇಶಕರಾಗಿ ‘ಮಿಂಚಿನ ಓಟ’, ‘ಗೀತಾ’, ‘ಆಕ್ಸಿಡೆಂಟ್’, ರಾಜಕುಮಾರ್ ಅಭಿನಯದ ‘ಒಂದು ಮುತ್ತಿನ ಕಥೆ’ ಮೊದಲಾದ ಚಿತ್ರಗಳನ್ನು ನೀಡಿದರು. ರಂಗದ ಮೇಲೆ ನಗಿಸಿದ ‘ನೋಡಿ ಸ್ವಾಮಿ ನಾವಿರೋದು ಹೀಗೆ’ ಅವರ ಕೈಯಲ್ಲಿ 1983ರಲ್ಲಿ ಚಿತ್ರವೂ ಆಯಿತು. ‘ಗೀತಾ’ದಲ್ಲಿ ಯೌವನದ ಪ್ರೇಮವಿದೆ, ಇಲ್ಲಿ ಹಾಸ್ಯವಿದೆ. ಇವೆರಡೂ ಒಂದು ಬಾಲಕನ ಕಥೆಯಲ್ಲಿ ಕೂಡಿಕೊಳ್ಳುವುದಕ್ಕೆ ಇನ್ನೂ ಮೂರು ವರ್ಷ ಕಾಯಬೇಕಿತ್ತು.

ಆರ್. ಕೆ. ನಾರಾಯಣ್ ಅವರ ‘ಸ್ವಾಮಿ ಆ್ಯಂಡ್ ಫ್ರೆಂಡ್ಸ್’ ಪ್ರಕಟವಾದುದು 1935ರಲ್ಲಿ. ತಮ್ಮ ‘ಗೈಡ್’ ಕಾದಂಬರಿಯನ್ನು ಹಿಂದಿ ಚಿತ್ರರಂಗ ಬದಲಿಸಿದ ರೀತಿ ಲೇಖಕರಿಗೆ ಹಿಡಿಸಿರಲಿಲ್ಲ. ಅಂತಹ ಲೇಖಕರ ಮಾಲ್ಗುಡಿಯನ್ನು ದೂರದರ್ಶನಕ್ಕಾಗಿ ಕಟ್ಟುವ ಹೊಣೆಯನ್ನು ಮೂವತ್ತರ ಹರೆಯದ ಶಂಕರನಾಗ್ ಹೊತ್ತುಕೊಂಡರು. ಟಿ. ಎಸ್. ನರಸಿಂಹನ್ ನಿರ್ಮಾಪಕರು. ಭೂಪಟದಲ್ಲಿ ಎಲ್ಲಿಯೂ ಇಲ್ಲದ ಊರು ತೀರ್ಥಹಳ್ಳಿ ತಾಲೂಕಿನ ಆಗುಂಬೆಯಲ್ಲಿ ಎದ್ದುನಿಂತಿತು. ಕಲಾವಿದ ಜಾನ್ ದೇವರಾಜ್ ಆ ಊರಿಗೆ ರೂಪ ಕೊಟ್ಟರು, ಎಸ್. ರಾಮಚಂದ್ರ ಛಾಯಾಗ್ರಹಣ ಮಾಡಿದರು, ಎಲ್. ವೈದ್ಯನಾಥನ್ ಸಂಗೀತ ನೀಡಿದರು. ಲೇಖಕರ ತಮ್ಮ ಆರ್. ಕೆ. ಲಕ್ಷ್ಮಣ್ ಅವರ ರೇಖಾಚಿತ್ರಗಳು ಕಂತುಗಳಿಗೆ ಮುಖವಾದವು. ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್, ತಂದೆಯಾಗಿ ಗಿರೀಶ ಕಾರ್ನಾಡ್, ತಾಯಿಯಾಗಿ ವೈಶಾಲಿ ಕಾಸರವಳ್ಳಿ ಕಾಣಿಸಿಕೊಂಡರು. 1986ರಲ್ಲಿ ಪ್ರಸಾರ ಆರಂಭವಾಯಿತು. ಸ್ವಾಮಿಯ ಕಥೆ ಚಿತ್ರರೂಪದಲ್ಲಿಯೂ ಹೊರಬಂದು ಮಂಜುನಾಥ್ ಅವರಿಗೆ ಬಾಲನಟನ ರಾಷ್ಟ್ರಪ್ರಶಸ್ತಿಯನ್ನು ತಂದಿತು.

ಇಂಗ್ಲಿಷಿನಲ್ಲಿ ಬರೆದ ಕಾದಂಬರಿ, ಕೊಂಕಣಿ ಮನೆಮಾತಿನ ಕನ್ನಡ ನಿರ್ದೇಶಕ, ಮಲೆನಾಡಿನ ಊರು, ತೆರೆಯ ಮೇಲೆ ಹಿಂದಿ. ಸಪ್ತಭಾಷಾ ಸಂಗಮಭೂಮಿ ಎಂದು ಹೆಸರಾದ ಕಾಸರಗೋಡಿನವರಾದ ನಮಗೆ ಇದರಲ್ಲಿ ವಿಚಿತ್ರವೇನೂ ಕಾಣದು. ಮನೆಯಲ್ಲೊಂದು, ಬೀದಿಯಲ್ಲೊಂದು, ಶಾಲೆಯಲ್ಲಿ ಮತ್ತೊಂದು ಮಾತನಾಡುತ್ತಲೇ ಇಲ್ಲಿಯ ಮಕ್ಕಳು ಬೆಳೆಯುತ್ತಾರೆ. ಬಾಲ್ಯಕ್ಕೆ ಒಂದೇ ಭಾಷೆ ಇರಬೇಕಿಲ್ಲವೆಂಬುದನ್ನು ಆ ಧಾರಾವಾಹಿ ಇಡೀ ದೇಶಕ್ಕೆ ತೋರಿಸಿತು.

ಸ್ವಾಮಿಯ ಕಥೆಯಲ್ಲಿ ದೊಡ್ಡ ಘಟನೆಗಳಿಲ್ಲ. ತಂದೆ ಮಾವಿನಹಣ್ಣಿನ ಬೆಲೆಯ ಲೆಕ್ಕ ಕೊಟ್ಟರೆ ಹುಡುಗನಿಗೆ ಆ ಹಣ್ಣು ಮಾಗಿದೆಯೋ ಇಲ್ಲವೋ ಎಂಬುದೇ ಚಿಂತೆ. ಪೊಲೀಸ್ ಅಧಿಕಾರಿಯ ಮಗ ರಾಜಂನ ಗೆಳೆತನಕ್ಕಾಗಿ ಹಳೆಯ ಗೆಳೆಯರ ಮೂದಲಿಕೆಯನ್ನು ಸಹಿಸಬೇಕು. ಹುಡುಗರು ಕೂಡಿ ಕಟ್ಟಿದ ಕ್ರಿಕೆಟ್ ತಂಡಕ್ಕೆ ಸ್ವಾಮಿ ಬೇಕೇ ಬೇಕು. ಆದರೆ ಶಾಲೆಯ ಶಿಕ್ಷೆಗೆ ಹೆದರಿ ಊರು ಬಿಟ್ಟು ಓಡಿದವನು ಕಾಡಿನಲ್ಲಿ ದಾರಿತಪ್ಪಿ, ಪಂದ್ಯದ ದಿನವೇ ಇಲ್ಲವಾಗುತ್ತಾನೆ. ಇಲ್ಲಿಯವರೆಗೆ ನಕ್ಕವರು ಇಲ್ಲಿ ಒಮ್ಮೆಗೇ ಸುಮ್ಮನಾಗುತ್ತಾರೆ.

ಈ ಬಗೆಯ ಹಾಸ್ಯದ ಬಾಳಿಕೆಯ ಗುಟ್ಟು ಇಲ್ಲಿಯೇ ಇದೆ. ಹಿರಿಯರಿಗೆ ಕ್ಷುಲ್ಲಕವಾದುದು ಆ ವಯಸ್ಸಿನವರಿಗೆ ಪ್ರಾಣಸಂಕಟ. ಎರಡೂ ನಿಜವೆಂಬುದನ್ನು ಒಟ್ಟಿಗೆ ಕಾಣಿಸಿದಾಗ ನಗು ಹುಟ್ಟುತ್ತದೆ. ಹುಡುಗನ ಸಂಕಟವನ್ನು ಕೇವಲ ತಮಾಷೆಯಾಗಿಸಿದರೆ ನಗು ಒರಟಾಗುತ್ತದೆ. ಕೇವಲ ಕರುಣೆಯಾಗಿಸಿದರೆ ನಗುವೇ ಉಳಿಯುವುದಿಲ್ಲ. ಅದೇ ದಶಕದಲ್ಲಿ ಅಮೆರಿಕದ ಜಾನ್ ಹ್ಯೂಸ್ ಅವರು ಷಿಕಾಗೊ ಹೊರವಲಯದ ಹದಿಹರೆಯದವರನ್ನು ಕುರಿತು ಮಾಡಿದ ಹಾಸ್ಯಚಿತ್ರಗಳು ಇಂದಿಗೂ ಪ್ರಿಯವಾಗಿರುವುದಕ್ಕೂ ಇದೇ ಕಾರಣ. ಆ ಊರಿಗೂ ಆಗುಂಬೆಗೂ ಯಾವ ಹೋಲಿಕೆಯೂ ಇಲ್ಲ. ಬೆಳೆಯುವ ಮಕ್ಕಳ ಅವಮಾನ ಮತ್ತು ಆಸೆಗಳಿಗೆ ಕೊಟ್ಟ ಗೌರವ ಮಾತ್ರ ಒಂದೇ. ಶಂಕರನಾಗ್ ತಾರೆಯಾಗಿದ್ದೂ ಸ್ವಾಮಿಯ ಕಥೆಯಲ್ಲಿ ಹುಡುಗರನ್ನೇ ಮುಂದೆ ನಿಲ್ಲಿಸಿ ತಾವು ಹಿಂದೆ ಉಳಿದರು.

1990ರ ಸೆಪ್ಟೆಂಬರ್ 30ರಂದು ‘ಜೋಕುಮಾರಸ್ವಾಮಿ’ ಚಿತ್ರೀಕರಣಕ್ಕಾಗಿ ಹೊರಟಿದ್ದ ಅವರ ಕಾರು ದಾವಣಗೆರೆಯ ಸಮೀಪದ ಆನಗೋಡಿನಲ್ಲಿ ಅಪಘಾತಕ್ಕೀಡಾಯಿತು. ಜೊತೆಗಿದ್ದ ಅರುಂಧತಿ ಮತ್ತು ಮಗಳು ಬದುಕುಳಿದರು. ಶಂಕರನಾಗ್ ಉಳಿಯಲಿಲ್ಲ. ಮೂವತ್ತಾರು ತುಂಬುವುದಕ್ಕೆ ಇನ್ನೂ ನಲವತ್ತು ದಿನ ಬಾಕಿಯಿತ್ತು. ಅರುಂಧತಿ ನಾಗ್ ಅವರ ದೀರ್ಘಕಾಲದ ಶ್ರಮದಿಂದ 2004ರಲ್ಲಿ ಬೆಂಗಳೂರಿನಲ್ಲಿ ಬಾಗಿಲು ತೆರೆದ ‘ರಂಗಶಂಕರ’ ಇಂದು ಅವರ ಹೆಸರನ್ನು ಹೊತ್ತು ನಡೆಯುತ್ತಿದೆ.

ಅವರು ತೋರಿದ ದಾರಿ ಒಂದು ಸುತ್ತು ಬಂದು ನಮ್ಮೂರನ್ನೂ ತಲುಪಿತು. 2018ರಲ್ಲಿ ರಿಷಬ್ ಶೆಟ್ಟಿ ನಿರ್ದೇಶಿಸಿದ ‘ಸರ್ಕಾರಿ ಹಿ. ಪ್ರಾ. ಶಾಲೆ, ಕಾಸರಗೋಡು, ಕೊಡುಗೆ: ರಾಮಣ್ಣ ರೈ’ ಚಿತ್ರದಲ್ಲಿ ಗಡಿನಾಡಿನ ಮಕ್ಕಳು ನಗಿಸುತ್ತ, ಮೊದಲ ಒಲವಿನಲ್ಲಿ ತಡವರಿಸುತ್ತ, ತಮ್ಮ ಕನ್ನಡ ಶಾಲೆಯನ್ನು ಉಳಿಸಿಕೊಳ್ಳಲು ಹೊರಡುತ್ತಾರೆ. ಅವರ ನೆರವಿಗೆ ಬರುವ ಹಿರಿಯನ ಪಾತ್ರದಲ್ಲಿರುವವರು ಅನಂತನಾಗ್. ಆ ಚಿತ್ರ ಮಕ್ಕಳ ಚಿತ್ರಕ್ಕೆ ಮೀಸಲಾದ ರಾಷ್ಟ್ರಪ್ರಶಸ್ತಿಯನ್ನು ಪಡೆಯಿತು. ಕನ್ನಡ ಮಾಧ್ಯಮದ ತರಗತಿಗೆ ಮಕ್ಕಳು ಸಾಕಷ್ಟು ಸೇರುವರೋ ಎಂಬ ಆತಂಕ ನಮಗೆ ಪ್ರತಿ ಜೂನ್ ತಿಂಗಳಿನದು. ಭಾಷಣಗಳಿಂದ ಹೊರಗಿನವರಿಗೆ ಮುಟ್ಟದ ಆ ಆತಂಕ ತುಂಟ ಹುಡುಗರ ನಗುವಿನಿಂದ ಮುಟ್ಟಿತು.

ಸ್ವಾಮಿಯ ಕಥೆ ರೈಲು ನಿಲ್ದಾಣದಲ್ಲಿ ಮುಗಿಯುತ್ತದೆ. ಮುನಿಸು ಮುರಿಯದೆಯೇ ಊರು ಬಿಡುತ್ತಿರುವ ರಾಜಂಗೆ ಕೊಡಲೆಂದು ಸ್ವಾಮಿ ಒಂದು ಪುಸ್ತಕ ಹಿಡಿದು ಓಡುತ್ತಾನೆ. ಹೊರಟ ರೈಲಿನ ಸದ್ದಿನಲ್ಲಿ ಗೆಳೆಯನ ಮಾತು ಕೇಳಿಸುವುದಿಲ್ಲ. ಅವನು ಕ್ಷಮಿಸಿದನೋ ಇಲ್ಲವೋ ಎಂಬುದು ಕೊನೆಗೂ ತಿಳಿಯುವುದಿಲ್ಲ. ಪದವಿ ಮುಗಿಸಿ ಈ ವಿಭಾಗದಿಂದ ಹೊರಡುವವರು ಒಮ್ಮೆ ಆ ಕಂತನ್ನು ನೋಡಬೇಕು. ಯಾರೊಂದಿಗಾದರೂ ಮುನಿಸು ಉಳಿದಿದ್ದರೆ, ರೈಲು ಹೊರಡುವ ಮೊದಲೇ ಆಡಿ ಮುಗಿಸುವುದು ಲೇಸು.