ಕೃತಕ ಮೂತ್ರಪಿಂಡದ ಜನಕ ಡಾ. ವಿಲ್ಲೆಮ್ ಕೋಲ್ಫ್

ಗುರ್ದೆ ಕೆಟ್ಟಿದೆ ಎಂದು ಡಾಕ್ಟರು ಹೇಳಿದರೆ ಮನೆಮಂದಿಯ ಕೈಕಾಲು ತಣ್ಣಗಾಗುತ್ತವೆ. ಮೂತ್ರಪಿಂಡಕ್ಕೆ ನಮ್ಮ ಬೀದರ್ ಕಡೆಯ ಮನೆಗಳಲ್ಲಿ ಇರುವ ಹೆಸರು ಗುರ್ದೆ. ಸರ್ವಶಕ್ತನಾದ ಅಲ್ಲಾಹನು ಕೊಟ್ಟ ಮುಷ್ಟಿಗಾತ್ರದ ಈ ಎರಡು ಅಂಗಗಳು ಹಗಲಿರುಳೂ ರಕ್ತವನ್ನು ಸೋಸುತ್ತವೆ. ಅವು ಪೂರ್ತಿ ಸೋತರೆ ವಾರಕ್ಕೆ ಎರಡು ಮೂರು ಸಲ, ಪ್ರತಿ ಸಲ ಸುಮಾರು ನಾಲ್ಕು ಗಂಟೆ, ರೋಗಿಯು ಡಯಾಲಿಸಿಸ್ ಯಂತ್ರದ ಪಕ್ಕದಲ್ಲಿ ಇರಬೇಕಾಗುತ್ತದೆ. ಔರಾದ್ ತಾಲ್ಲೂಕಿನ ಎಕಂಬಾದಂಥ ಗಡಿ ಊರಿನವರಿಗೆ ಇದರ ಜೊತೆಗೆ ಬಸ್ಸಿನ ದಾರಿಯೂ ಇದೆ, ರೋಗಿಯನ್ನು ಕರೆದೊಯ್ಯುವವರ ಆ ದಿನದ ಕೂಲಿಯೂ ಹೋಗುತ್ತದೆ. ಇಷ್ಟಾದರೂ ರೋಗಿ ಮನೆಗೆ ಮರಳುತ್ತಾನೆ. ಎಂಬತ್ತೈದು ವರ್ಷಗಳ ಹಿಂದೆ ಜಗತ್ತಿನ ಯಾವ ಶ್ರೀಮಂತನಿಗೂ ಈ ಭಾಗ್ಯ ಇರಲಿಲ್ಲ. ಇದನ್ನು ಸಾಧ್ಯ ಮಾಡಿದ ವೈದ್ಯರ ಬದುಕನ್ನು ನಮ್ಮ ವಿದ್ಯಾರ್ಥಿಗಳು ಅರಿಯಬೇಕು.

ವಿಲ್ಲೆಮ್ ಕೋಲ್ಫ್ ಹುಟ್ಟಿದ್ದು 1911ರ ಫೆಬ್ರವರಿ 14ರಂದು, ಹಾಲೆಂಡಿನ ಲೈಡನ್ ನಗರದಲ್ಲಿ. ತಂದೆ ಕ್ಷಯರೋಗಿಗಳ ಆಸ್ಪತ್ರೆಯೊಂದರ ಮುಖ್ಯಸ್ಥರು. ಆ ಕಾಲದಲ್ಲಿ ಕ್ಷಯಕ್ಕೆ ಮದ್ದಿರಲಿಲ್ಲ. ತಂದೆಯ ರೋಗಿಗಳು ಸಾಯುವುದನ್ನು ನೋಡಿದ ಹುಡುಗ ತಾನು ವೈದ್ಯನಾಗಲಾರೆ, ಮೃಗಾಲಯದ ಮುಖ್ಯಸ್ಥನಾಗುತ್ತೇನೆ ಎಂದನಂತೆ. ಇಡೀ ದೇಶದಲ್ಲಿ ಮೃಗಾಲಯಗಳಿರುವುದೇ ಮೂರು ಎಂದು ತಂದೆ ನೆನಪಿಸಿದರು. ಓದುವಾಗ ಅಕ್ಷರಗಳು ತಡವರಿಸುವ ತೊಂದರೆ ಈ ಹುಡುಗನಿಗೆ ಇತ್ತು. ಶಾಲೆಯಲ್ಲಿ ದಡ್ಡನೆನಿಸಿಕೊಂಡ ಮಕ್ಕಳ ತಂದೆತಾಯಿ ಇದನ್ನು ಗಮನಿಸಬೇಕು.

1938ರಲ್ಲಿ ವೈದ್ಯ ಪದವಿ ಪಡೆದ ಕೋಲ್ಫ್ ಗ್ರೋನಿಂಗನ್ ವಿಶ್ವವಿದ್ಯಾಲಯದ ಆಸ್ಪತ್ರೆಗೆ ಸೇರಿದರು. ಅವರ ಪಾಲಿಗೆ ಬಂದ ರೋಗಿಗಳಲ್ಲಿ ಒಬ್ಬ ರೈತಾಪಿ ಮನೆಯ ಇಪ್ಪತ್ತೆರಡರ ಯುವಕ. ಮೂತ್ರಪಿಂಡಗಳು ನಿಂತು, ರಕ್ತದಲ್ಲಿ ಯೂರಿಯಾ ಏರಿ, ಕಣ್ಣು ಕಾಣದೆ, ವಾಂತಿ ಮಾಡುತ್ತಾ ನಾಲ್ಕೈದು ದಿನಗಳಲ್ಲಿ ತೀರಿಕೊಂಡ. ಹೊರಗೆ ಕಪ್ಪು ಬಟ್ಟೆಯಲ್ಲಿ ನಿಂತಿದ್ದ ತಾಯಿಗೆ ಸುದ್ದಿ ಹೇಳಬೇಕಾದವರು ಕೋಲ್ಫ್. ದಿನಕ್ಕೆ ಇಪ್ಪತ್ತು ಗ್ರಾಂನಷ್ಟು ಯೂರಿಯಾವನ್ನು ಹೊರಗೆ ತೆಗೆಯಬಲ್ಲ ಉಪಾಯವೊಂದು ಇದ್ದಿದ್ದರೆ ಆ ಹುಡುಗ ಉಳಿಯುತ್ತಿದ್ದ ಎಂಬ ಲೆಕ್ಕ ಅವರ ತಲೆಯಿಂದ ಹೋಗಲಿಲ್ಲ.

ಉಪಾಯದ ಬೀಜ ಹಳೆಯದು. ತೆಳುಪೊರೆಯ ಮೂಲಕ ಸಣ್ಣ ಕಣಗಳು ಹೊರಬಂದು ದೊಡ್ಡವು ಉಳಿಯುವ ಕ್ರಿಯೆಗೆ ಡಯಾಲಿಸಿಸ್ ಎಂದು ಸ್ಕಾಟ್ಲೆಂಡಿನ ರಸಾಯನಶಾಸ್ತ್ರಜ್ಞ ಥಾಮಸ್ ಗ್ರಹಾಂ 1861ರಲ್ಲೇ ಹೆಸರಿಟ್ಟಿದ್ದರು. 1913ರಲ್ಲಿ ಅಮೆರಿಕದ ಜಾನ್ ಏಬಲ್ ಪ್ರಾಣಿಗಳ ಮೇಲೆ ಪ್ರಯೋಗ ಮಾಡಿದ್ದರು. ಕೋಲ್ಫ್‌ಗೆ ಸಿಕ್ಕ ಹೊಸ ವಸ್ತು ಸೆಲ್ಲೋಫೇನ್, ಮಾಂಸದ ಸಾಸೇಜ್ ತುಂಬಲು ಬಳಸುತ್ತಿದ್ದ ತೆಳು ಕೊಳವೆ. ಅದರಲ್ಲಿ ಸ್ವಲ್ಪ ರಕ್ತಕ್ಕೆ ಯೂರಿಯಾ ಬೆರೆಸಿ, ಉಪ್ಪುನೀರಿನಲ್ಲಿ ಮುಳುಗಿಸಿ ಅಲ್ಲಾಡಿಸಿದರು. ಸ್ವಲ್ಪ ಹೊತ್ತಿನಲ್ಲೇ ಯೂರಿಯಾದ ಬಹುಭಾಗ ನೀರಿಗೆ ಇಳಿದಿತ್ತು, ರಕ್ತಕಣಗಳು ಒಳಗೇ ಇದ್ದವು.

ಅಷ್ಟರಲ್ಲಿ ಯುದ್ಧ ಬಂತು. 1940ರ ಮೇ ತಿಂಗಳಲ್ಲಿ ನಾಜಿ ಸೈನ್ಯ ಹಾಲೆಂಡನ್ನು ಆಕ್ರಮಿಸಿತು. ಅವರ ಪ್ರಾಧ್ಯಾಪಕರು ಯಹೂದಿ. ಅವರೂ ಅವರ ಪತ್ನಿಯೂ ನಾಜಿಗಳ ಕೈಗೆ ಸಿಗುವ ಮೊದಲೇ ಪ್ರಾಣ ಬಿಟ್ಟರು. ಆ ಜಾಗಕ್ಕೆ ನಾಜಿ ಪಕ್ಷಪಾತಿಯೊಬ್ಬ ಬಂದಾಗ ಕೋಲ್ಫ್ ಅವನ ಕೈಕೆಳಗೆ ದುಡಿಯಲು ಒಪ್ಪದೆ ಕಂಪನ್ ಎಂಬ ಸಣ್ಣ ಪಟ್ಟಣದ ಆಸ್ಪತ್ರೆಗೆ ಹೋದರು. ದೊಡ್ಡ ವಿಶ್ವವಿದ್ಯಾಲಯ ಬಿಟ್ಟು ಸಣ್ಣ ಊರಿಗೆ ಬಂದದ್ದು ನಷ್ಟವೆಂದು ಯಾರಿಗಾದರೂ ಅನಿಸಬಹುದು. ಯಂತ್ರ ಹುಟ್ಟಿದ್ದು ಅಲ್ಲಿಯೇ.

ಎನಾಮೆಲ್ ಪಾತ್ರೆ ಕಾರ್ಖಾನೆಯ ಹೆಂಡ್ರಿಕ್ ಬೆರ್ಕ್ ನೆರವಿಗೆ ನಿಂತರು. ಮರದ ಪಟ್ಟಿಗಳ ದೊಡ್ಡ ಉರುಳೆ, ಅದರ ಸುತ್ತ ಹತ್ತಾರು ಮೀಟರ್ ಸೆಲ್ಲೋಫೇನ್ ಕೊಳವೆ, ಕೆಳಗೆ ಉಪ್ಪುನೀರು ತುಂಬಿದ ಎನಾಮೆಲ್ ತೊಟ್ಟಿ. ಉರುಳೆ ತಿರುಗಿದಂತೆ ಕೊಳವೆಯೊಳಗಿನ ರಕ್ತ ಮುಂದಕ್ಕೆ ಸಾಗಿ ಕಲ್ಮಶವನ್ನು ನೀರಿಗೆ ಬಿಡುತ್ತಿತ್ತು. ತಿರುಗುವ ಉರುಳೆಗೆ ಕೊಳವೆ ಸೇರುವಲ್ಲಿ ರಕ್ತ ಸೋರದಂತೆ ಮಾಡುವ ಉಪಾಯ ಫೋರ್ಡ್ ಕಾರಿನ ನೀರಿನ ಪಂಪಿನಿಂದ ಬಂತು. ಸಾಮಾನು ಸಿಗದ ಕಾಲ, ಹೊರಗೆ ಜರ್ಮನ್ ಕಾವಲು. ಅದರ ನಡುವೆಯೇ ಅವರು ನಾಜಿಗಳಿಂದ ತಪ್ಪಿಸಿಕೊಳ್ಳಬೇಕಾದ ನೂರಾರು ಜನರಿಗೆ ಆಸ್ಪತ್ರೆಯಲ್ಲಿ ಆಸರೆ ಕೊಟ್ಟರು.

1943ರ ಮಾರ್ಚ್‌ನಲ್ಲಿ ಮೊದಲ ರೋಗಿಯನ್ನು ಯಂತ್ರಕ್ಕೆ ಜೋಡಿಸಿದರು. ಆಕೆಗೆ ಮೂವತ್ತೂ ತುಂಬಿರಲಿಲ್ಲ. ಪ್ರತಿ ಸಲವೂ ಹೊಸ ರಕ್ತನಾಳ ಬೇಕಿತ್ತು. ಹನ್ನೆರಡು ಸಲವಾದ ಮೇಲೆ ಚುಚ್ಚಲು ನಾಳವೇ ಉಳಿಯಲಿಲ್ಲ, ಆಕೆ ತೀರಿಕೊಂಡರು. ನಂತರದ ಎರಡೂವರೆ ವರ್ಷದಲ್ಲಿ ಬಂದ ರೋಗಿಗಳೂ ಬಹುತೇಕ ಎಲ್ಲರೂ ತೀರಿಕೊಂಡರು. ಇಷ್ಟು ಸಾವು ಕಂಡವನು ಸಾಮಾನ್ಯವಾಗಿ ಯಂತ್ರವನ್ನು ಗುಜರಿಗೆ ಹಾಕುತ್ತಾನೆ.

1945ರ ಸೆಪ್ಟೆಂಬರ್‌ನಲ್ಲಿ 67 ವರ್ಷದ ಮಹಿಳೆಯೊಬ್ಬರನ್ನು ಎಚ್ಚರ ತಪ್ಪಿದ ಸ್ಥಿತಿಯಲ್ಲಿ ತಂದರು. ನಾಜಿಗಳ ಪರವಿದ್ದಳೆಂದು ಯುದ್ಧಾನಂತರ ಸೆರೆಯಲ್ಲಿದ್ದ ಹೆಂಗಸು. ಇಂಥವಳನ್ನು ಉಳಿಸಬಾರದು ಎನ್ನುವವರು ಊರಲ್ಲಿ ಬೇಕಾದಷ್ಟಿದ್ದರು. ಕೋಲ್ಫ್‌ಗೆ ಆಕೆ ರೋಗಿ, ಅಷ್ಟೇ. ಹನ್ನೊಂದು ಗಂಟೆಗೂ ಮೀರಿ ಯಂತ್ರ ನಡೆಯಿತು. ಆಕೆ ಕಣ್ಣು ತೆರೆದರು, ಮೂತ್ರಪಿಂಡಗಳು ಮತ್ತೆ ಕೆಲಸ ಹಿಡಿದವು, ಇನ್ನೂ ಹಲವು ವರ್ಷ ಬದುಕಿ ಬೇರೆ ಕಾರಣದಿಂದ ತೀರಿಕೊಂಡರು. ಕೃತಕ ಮೂತ್ರಪಿಂಡ ಉಳಿಸಿದ ಮೊದಲ ಜೀವ ಅದು.

ಆ ಯಂತ್ರಕ್ಕೆ ಕೋಲ್ಫ್ ಪೇಟೆಂಟ್ ಪಡೆಯಲಿಲ್ಲ. ತಾವು ಮಾಡಿಸಿಟ್ಟಿದ್ದ ಯಂತ್ರಗಳನ್ನು ಲಂಡನ್, ನ್ಯೂಯಾರ್ಕ್ ಮೊದಲಾದ ಕಡೆಯ ಆಸ್ಪತ್ರೆಗಳಿಗೆ ಉಚಿತವಾಗಿ ಕಳುಹಿಸಿಕೊಟ್ಟರು. 1950ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡಿಗೆ ಹೋದ ಮೇಲೆ ಸಹೋದ್ಯೋಗಿಯೊಂದಿಗೆ ಹಣ್ಣಿನ ರಸದ ಡಬ್ಬಿಗೆ ಕೊಳವೆ ಸುತ್ತಿ ಪ್ರಯೋಗ ಮಾಡಿ, ಒಮ್ಮೆ ಬಳಸಿ ಎಸೆಯಬಹುದಾದ ಸುರುಳಿಯನ್ನು ರೂಪಿಸಿದರು. ಬಟ್ಟೆ ಒಗೆಯುವ ಯಂತ್ರದಲ್ಲಿ ಮನೆಯಲ್ಲೇ ಡಯಾಲಿಸಿಸ್ ಮಾಡಿಸಿದವರೂ ಅವರೇ.

ಕೋಲ್ಫ್ ಯಂತ್ರ ತಾತ್ಕಾಲಿಕವಾಗಿ ಸೋತ ಮೂತ್ರಪಿಂಡದವರನ್ನು ಉಳಿಸಿತು, ಶಾಶ್ವತವಾಗಿ ಸೋತವರನ್ನು ಅಲ್ಲ. ರಕ್ತನಾಳದ ತೊಡಕು ಹಾಗೆಯೇ ಇತ್ತು. 1960ರಲ್ಲಿ ಸಿಯಾಟಲ್‌ನ ಬೆಲ್ಡಿಂಗ್ ಸ್ಕ್ರಿಬ್ನರ್ ತೋಳಿನ ನಾಳಗಳಲ್ಲಿ ಟೆಫ್ಲಾನ್ ಕೊಳವೆ ಕೂರಿಸಿಬಿಡುವ ವಿಧಾನ ಕಂಡುಹಿಡಿದರು. ಅವರ ಮೊದಲ ರೋಗಿ ಹನ್ನೊಂದು ವರ್ಷ ಬದುಕಿದರು. ಯಂತ್ರಗಳು ಕಡಿಮೆ, ರೋಗಿಗಳು ಹೆಚ್ಚು. ಯಾರಿಗೆ ಯಂತ್ರ ಕೊಡಬೇಕೆಂದು ನಿರ್ಧರಿಸಲು ಅಲ್ಲಿ ಊರಿನ ನಾಗರಿಕರ ಸಮಿತಿಯೇ ಕೂರಬೇಕಾಯಿತು. ಯಂತ್ರವಿದ್ದೂ ಎಲ್ಲರಿಗೂ ಎಟುಕದ ಈ ಕಷ್ಟ ನಮ್ಮ ದೇಶದ ಬಡವರಿಗೆ ಬಹುಕಾಲ ಇತ್ತು. 2016ರಲ್ಲಿ ಕೇಂದ್ರ ಸರ್ಕಾರ ಜಿಲ್ಲಾ ಆಸ್ಪತ್ರೆಗಳಲ್ಲಿ ಬಡ ರೋಗಿಗಳಿಗೆ ಉಚಿತ ಡಯಾಲಿಸಿಸ್ ನೀಡುವ ರಾಷ್ಟ್ರೀಯ ಯೋಜನೆ ತಂದಿತು. ಕರ್ನಾಟಕದಲ್ಲಿ ತಾಲ್ಲೂಕು ಆಸ್ಪತ್ರೆಗಳಿಗೂ ಈ ಸೌಲಭ್ಯ ಬಂತು.

ಕೋಲ್ಫ್ 1967ರಲ್ಲಿ ಯೂಟಾ ವಿಶ್ವವಿದ್ಯಾಲಯಕ್ಕೆ ಹೋಗಿ ಕೃತಕ ಹೃದಯದ ಕೆಲಸಕ್ಕೆ ಇಳಿದರು. ಅವರ ತಂಡದ ಹೃದಯವನ್ನು 1982ರಲ್ಲಿ ಮೊದಲ ಬಾರಿಗೆ ರೋಗಿಯೊಬ್ಬರಿಗೆ ಜೋಡಿಸಲಾಯಿತು. 2002ರಲ್ಲಿ ಸ್ಕ್ರಿಬ್ನರ್ ಜೊತೆಗೆ ಲಾಸ್ಕರ್ ಪ್ರಶಸ್ತಿ ಸಿಕ್ಕಿತು. ನೊಬೆಲ್ ಮಾತ್ರ ಬರಲಿಲ್ಲ. 2009ರ ಫೆಬ್ರವರಿ 11ರಂದು, 98 ತುಂಬಲು ಮೂರು ದಿನ ಇರುವಾಗ, ಪೆನ್ಸಿಲ್ವೇನಿಯಾದಲ್ಲಿ ಅವರು ತೀರಿಕೊಂಡರು.